ಡೇಕೇರ್ ಎಫ್‌ಎಸ್‌ಎಗೆ ಲಿಮಿಟ್ ಮೀರಿ ಹಣ ಹೋಗಿದೆಯೇ? ಅಮೆರಿಕದಲ್ಲಿರುವವರಿಗೆ ಹಂತ ಹಂತದ ಮಾರ್ಗದರ್ಶಿ

ಹೋದ ವರ್ಷ ಮಾರ್ಚ್‌ನ ಒಂದು ಭಾನುವಾರ ರಾತ್ರಿ. ಮಗಳು ಮಲಗಿದ್ದಳು. ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಎರಡು ಡಬ್ಲ್ಯೂ-2 (ವರ್ಷದ ಸಂಬಳ, ತೆರಿಗೆಯ ಲೆಕ್ಕ ಇರುವ, ಕಂಪನಿ ಕೊಡುವ ಫಾರಂ). ನನ್ನದು ತುಂಬಿ ಆಗಿತ್ತು. ಡೇಕೇರ್ ಖರ್ಚೂ ಹಾಕಿ ಆಗಿತ್ತು. ಹೆಂಡತಿಯ ಡಬ್ಲ್ಯೂ-2 ತುಂಬುತ್ತಾ ಕೊನೆಗೆ 10ನೇ ಬಾಕ್ಸ್‌ನಲ್ಲಿ 2,000 ಎಂದು ಹೊಡೆದೆ. ಡೇಕೇರ್ ಎಫ್‌ಎಸ್‌ಎ ಖಾತೆಗೆ ಹೋದ ಹಣ ಕಾಣುವ ಬಾಕ್ಸ್ ಅದು. ಸ್ಕ್ರೀನಿನ ಮೂಲೆಯಲ್ಲಿದ್ದ ರೀಫಂಡ್ ಒಂದೇ ಏಟಿಗೆ 480 ಡಾಲರ್ ಇಳಿಯಿತು.

ಅಳಿಸಿದೆ. ರೀಫಂಡ್ ಮೇಲೆ ಹೋಯಿತು. ಮತ್ತೆ ಹೊಡೆದೆ. ಮತ್ತೆ ಇಳಿಯಿತು.

'ನೀನೂ ಡೇಕೇರ್ ಎಫ್‌ಎಸ್‌ಎ ಹಾಕಿದ್ಯಾ?' ಅಂದೆ.

'ಹೊಸ ಕಂಪನಿ ಸೇರುವಾಗ ಕೇಳಿತು, ಹಾಕಿದೆ. ಯಾಕೆ, ನಿಂಗೆ ಬೇರೆ, ನಂಗೆ ಬೇರೆ ಲಿಮಿಟ್ ಅಲ್ವಾ?'

ಅಲ್ಲ. ಆದರೆ ಹಾಗಂದುಕೊಂಡಿದ್ದರಲ್ಲಿ ಅವಳ ತಪ್ಪೇನೂ ಇಲ್ಲ. ಆಸ್ಪತ್ರೆ ಖರ್ಚಿನ ಹೆಲ್ತ್ ಎಫ್‌ಎಸ್‌ಎಯಲ್ಲಿ ಗಂಡನಿಗೆ ಬೇರೆ, ಹೆಂಡತಿಗೆ ಬೇರೆ ಲಿಮಿಟ್ ಇದೆ. ಹೆಸರು ಹೆಚ್ಚು ಕಡಿಮೆ ಒಂದೇ, ನಿಯಮ ಮಾತ್ರ ತದ್ವಿರುದ್ಧ. ಆ ರಾತ್ರಿಯಿಂದ ಒಂದೆರಡು ವಾರ ಇದರ ಹಿಂದೆ ಬಿದ್ದು ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹಾಗೆಯೇ ರಾತ್ರಿ ಹನ್ನೊಂದಕ್ಕೆ ಬಾಕ್ಸ್ 10 ನೋಡಿ ಗಾಬರಿಯಾದವರು ಇದ್ದರೆ ಮೊದಲೇ ಹೇಳಿಬಿಡುತ್ತೇನೆ: ದಂಡ ಇಲ್ಲ. ದುಡ್ಡೂ ಮುಳುಗುವುದಿಲ್ಲ, ಅದನ್ನು ನೀವೇ ಕೈಬಿಡದಿದ್ದರೆ.

ಲಿಮಿಟ್ ಯಾರದ್ದು, ಎಷ್ಟು?

ಡೇಕೇರ್ ಎಫ್‌ಎಸ್‌ಎಯ ಪೂರ್ತಿ ಹೆಸರು ಡಿಪೆಂಡೆಂಟ್ ಕೇರ್ ಎಫ್‌ಎಸ್‌ಎ (ಫ್ಲೆಕ್ಸಿಬಲ್ ಸ್ಪೆಂಡಿಂಗ್ ಅಕೌಂಟ್). ಅಂದರೆ ಸಂಬಳದಿಂದ ತೆರಿಗೆಗೆ ಮುಂಚೆಯೇ ಒಂದಷ್ಟು ಹಣ ಎತ್ತಿಟ್ಟು, ಮಗುವಿನ ಡೇಕೇರ್, ಪ್ರೀಸ್ಕೂಲ್, ಶಾಲೆ ಬಿಟ್ಟ ಮೇಲಿನ ಆಫ್ಟರ್‌ಕೇರ್, ಬೇಸಿಗೆಯ ಡೇ ಕ್ಯಾಂಪ್ ಇಂಥದ್ದಕ್ಕೆ ವಾಪಸ್ ಪಡೆಯುವ ಖಾತೆ. ಮಗುವಿಗೆ 13 ತುಂಬಿರಬಾರದು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಲು ಈ ಖರ್ಚು ಬೇಕಾಗಿರಬೇಕು. ಕಿಂಡರ್‌ಗಾರ್ಟನ್ ಮತ್ತು ಅದರ ಮೇಲಿನ ಶಾಲೆಯ ಫೀಸು ಬರುವುದಿಲ್ಲ. ರಾತ್ರಿ ಉಳಿಯುವ ಕ್ಯಾಂಪ್ ಬರುವುದಿಲ್ಲ. ಕನ್ನಡ ಕೂಟದ ಶನಿವಾರದ ಕನ್ನಡ ಕ್ಲಾಸು, ಭಾನುವಾರದ ಭರತನಾಟ್ಯ ಇವೂ ಬರುವುದಿಲ್ಲ. ಅವು ಪಾಠ, ನೀವು ಕೆಲಸದಲ್ಲಿರುವಾಗ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ ಅಲ್ಲ.

2025ರವರೆಗೆ ಲಿಮಿಟ್ ವರ್ಷಕ್ಕೆ 5,000 ಡಾಲರ್. ಈ ಮೊತ್ತ 1986ರ ತೆರಿಗೆ ಕಾನೂನಿನಲ್ಲಿ ಬಂದಿದ್ದು. ಡೇಕೇರ್ ಫೀಸು ಎಲ್ಲಿಂದ ಎಲ್ಲಿಗೆ ಹೋದರೂ ಇದು ಅಲ್ಲೇ ಕೂತಿತ್ತು. ಕೋವಿಡ್ ಸಮಯದಲ್ಲಿ 2021ಕ್ಕೆ ಮಾತ್ರ 10,500 ಮಾಡಿ, ಮುಂದಿನ ವರ್ಷ ಮತ್ತೆ ಹಳೇ ಜಾಗಕ್ಕೇ ತಂದರು. 2025ರ ಜುಲೈ 4ರಂದು ಸಹಿಯಾದ 'ಒನ್ ಬಿಗ್ ಬ್ಯೂಟಿಫುಲ್ ಬಿಲ್' ಕಾನೂನು 2026ರಿಂದ ಇದನ್ನು 7,500 ಮಾಡಿದೆ. ಗಂಡ ಹೆಂಡತಿ ಬೇರೆ ಬೇರೆ ರಿಟರ್ನ್ ಸಲ್ಲಿಸಿದರೆ ಇದರ ಅರ್ಧ: 2025ರವರೆಗೆ 2,500, 2026ರಿಂದ 3,750.

ಈಗ ಎಲ್ಲರೂ ಎಡವುವ ಜಾಗ. ಈ ಲಿಮಿಟ್ ಒಂದು ಮನೆಗೆ ಒಂದೇ. ಗಂಡನ ಕಂಪನಿ, ಹೆಂಡತಿಯ ಕಂಪನಿ, ಹಳೇ ಕಂಪನಿ, ಹೊಸ ಕಂಪನಿ, ಎಲ್ಲ ಸೇರಿ ಒಂದೇ. ಎರಡು ಮಕ್ಕಳಿದ್ದರೂ ಅಷ್ಟೇ. ಆದರೆ ನಿಮ್ಮ ಪೇರೋಲ್‌ನವರಿಗೆ ನಿಮ್ಮ ಹೆಂಡತಿಯ ಪೇಸ್ಟಬ್ (ಸಂಬಳದ ಚೀಟಿ) ಕಾಣುವುದಿಲ್ಲ. ಲಿಮಿಟ್ 5,000 ಇದ್ದಾಗಿನ ನಮ್ಮ ಲೆಕ್ಕವನ್ನೇ ತೆಗೆದುಕೊಂಡರೆ, ಅವರ ಕಣ್ಣಿಗೆ ನಿಮ್ಮ 5,000 ಸರಿ. ಇನ್ನೊಂದು ಕಂಪನಿಯ ಕಣ್ಣಿಗೆ ಅವಳ 2,000 ಸರಿ. ಎರಡನ್ನೂ ಕೂಡಿಸಿ ನೋಡುವವರು ಇಡೀ ವರ್ಷದಲ್ಲಿ ಯಾರೂ ಇಲ್ಲ. ಕೊನೆಗೆ ಕೂಡಿಸುವುದು ನಿಮ್ಮ ಟ್ಯಾಕ್ಸ್ ರಿಟರ್ನ್.

ಹಂತ 1: ಜಾಸ್ತಿ ಆಗಿರುವುದು ಯಾವ ರೀತಿ ಅಂತ ಗುರುತಿಸಿ

ವರ್ಷದ ನಡುವೆ ಇದ್ದರೆ ಇಬ್ಬರ ಕೊನೆಯ ಪೇಸ್ಟಬ್ ತೆಗೆಯಿರಿ. ಡಿಪೆಂಡೆಂಟ್ ಕೇರ್ ಸಾಲಿನಲ್ಲಿ ವರ್ಷದ ಆರಂಭದಿಂದ ಇಲ್ಲಿಯವರೆಗೆ ಕಟ್ ಆದ ಮೊತ್ತ ಇರುತ್ತದೆ. ವರ್ಷ ಮುಗಿದಿದ್ದರೆ ಡಬ್ಲ್ಯೂ-2ರ ಬಾಕ್ಸ್ 10 ಸಾಕು. ಆ ವರ್ಷ ಕೆಲಸ ಮಾಡಿದ ಎಲ್ಲ ಕಂಪನಿಗಳದ್ದೂ ಬೇಕು. ಕೂಡಿಸಿ, ಲಿಮಿಟ್ ಕಳೆಯಿರಿ. ನಮ್ಮದು 5,000 ಮತ್ತು 2,000, ಒಟ್ಟು 7,000. ಅದು 2024ರ ಲೆಕ್ಕ. 2,000 ಜಾಸ್ತಿ.

ಕೆಲವು ಕಂಪನಿಗಳ ಪ್ಲಾನ್ ವರ್ಷ ಜುಲೈನಿಂದ ಜೂನ್‌ವರೆಗೆ ಇರುತ್ತದೆ. ಅಂಥ ಕಡೆ ಪ್ಲಾನ್ ವರ್ಷದ ಲೆಕ್ಕ ನೋಡಿ ನೆಮ್ಮದಿಯಾಗಿ ಕೂರಬೇಡಿ. ಲಿಮಿಟ್ ನೋಡಬೇಕಾದ್ದು ಜನವರಿಯಿಂದ ಡಿಸೆಂಬರ್‌ಗೆ.

ಯಾವ ರೀತಿ ಅನ್ನುವುದು ಮುಖ್ಯ. ಯಾಕೆಂದರೆ ಮುಂದಿನ ದಾರಿ ಅದರ ಮೇಲೆ ನಿಂತಿದೆ. ಇಬ್ಬರ ಕಂಪನಿಗಳಿಂದ, ಅಥವಾ ಒಬ್ಬರೇ ವರ್ಷದ ನಡುವೆ ಕೆಲಸ ಬದಲಿಸಿದ್ದರಿಂದ ಜಾಸ್ತಿ ಆಗಿದ್ದರೆ ಯಾವ ಕಂಪನಿಯೂ ತಪ್ಪು ಮಾಡಿಲ್ಲ, ರಿಟರ್ನ್‌ನಲ್ಲಿ ನೀವೇ ಸರಿ ಮಾಡಬೇಕು. ಒಂದೇ ಕಂಪನಿ ಲಿಮಿಟ್ ಮೀರಿ ಕಟ್ ಮಾಡಿದ್ದರೆ ಅದು ಪೇರೋಲ್‌ನ ತಪ್ಪು, ಅವರೇ ಸರಿ ಮಾಡಬೇಕು. ಮೂರನೆಯದು ಲಿಮಿಟ್ ಒಳಗೇ ಇದ್ದೂ ಜಾಸ್ತಿಯಾಗುವ ವಿಚಿತ್ರ. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ದುಡಿಮೆ ಇಲ್ಲದಿದ್ದರೆ ಹೀಗಾಗುತ್ತದೆ. ನಮ್ಮವರಲ್ಲಿ ಇದು ತುಂಬಾ ಜನರಿಗೆ ತಾಗುವ ವಿಷಯ. ಮುಂದೆ ವಿವರವಾಗಿ ಹೇಳುತ್ತೇನೆ.

ಹಂತ 2: ಡಿಸೆಂಬರ್ ಮುಗಿಯುವ ಮುಂಚೆ ಗೊತ್ತಾದರೆ ನಲ್ಲಿ ನಿಲ್ಲಿಸಿ

ಒಮ್ಮೆ ಒಪ್ಪಿಕೊಂಡ ಮೊತ್ತವನ್ನು ಮನಸ್ಸು ಬಂದ ಹಾಗೆ ಬದಲಿಸಲು ಬಿಡುವುದಿಲ್ಲ. ಏನಾದರೂ ಒಂದು ಬದಲಾವಣೆ ಆಗಿರಬೇಕು: ಮಗು ಹುಟ್ಟಿತು, ಸಂಗಾತಿಯ ಕೆಲಸ ಬದಲಾಯಿತು ಅಥವಾ ಹೋಯಿತು, ಡೇಕೇರ್ ಬದಲಿಸಿದಿರಿ, ಫೀಸು ಏರಿತು, ಸಂಗಾತಿ ತನ್ನ ಕಂಪನಿಯಲ್ಲಿ ಇದೇ ಖಾತೆ ತೆರೆದಳು. ಕಾನೂನು ಇವಕ್ಕೆಲ್ಲ ಅವಕಾಶ ಕೊಟ್ಟಿದೆ. ಆದರೆ ಕಂಪನಿಯ ಪ್ಲಾನ್‌ನಲ್ಲೂ ಅದು ಬರೆದಿರಬೇಕು. ಸಾಮಾನ್ಯವಾಗಿ ಬದಲಾವಣೆಯಾದ 30 ದಿನದೊಳಗೆ ಕೇಳಬೇಕು. ದಿನ ಮೀರಿದರೆ, ವರ್ಷಕ್ಕೊಮ್ಮೆ ಇಂಥ ಸೌಲಭ್ಯ ಆರಿಸಿಕೊಳ್ಳಲು ಬಿಡುವ ಮುಂದಿನ ಓಪನ್ ಎನ್‌ರೋಲ್‌ಮೆಂಟ್‌ವರೆಗೆ ಕಾಯಿರಿ ಅಂದುಬಿಡುತ್ತಾರೆ.

ಎಚ್‌ಆರ್‌ಗೆ ಬರೆಯುವಾಗ 'ತಪ್ಪಾಗಿ ಜಾಸ್ತಿ ಹಾಕಿದ್ದೇವೆ, ದಯವಿಟ್ಟು ನಿಲ್ಲಿಸಿ' ಎಂದು ಬರೆದರೆ ಆಗುವುದಿಲ್ಲ ಅನ್ನುವ ಉತ್ತರ ಬರುವ ಸಾಧ್ಯತೆಯೇ ಜಾಸ್ತಿ. ಯಾವ ತಾರೀಖಿಗೆ ಏನು ಬದಲಾಯಿತು ಅಂತ ಬರೆಯಿರಿ. 'ಆಗಸ್ಟ್ 12ರಂದು ನನ್ನ ಹೆಂಡತಿ ಹೊಸ ಕಂಪನಿಯಲ್ಲಿ ಡಿಪೆಂಡೆಂಟ್ ಕೇರ್ ಎಫ್‌ಎಸ್‌ಎ ಸೇರಿದ್ದಾಳೆ, ಹಾಗಾಗಿ ನನ್ನದನ್ನು ಇಷ್ಟಕ್ಕೆ ಇಳಿಸಬೇಕು' ಅಂತ. ನಾನಂತೂ ಇದನ್ನೆಲ್ಲ ಮಾಡಲಿಲ್ಲ, ನನಗೆ ಗೊತ್ತಾಗಿದ್ದೇ ಮಾರ್ಚ್‌ನಲ್ಲಿ.

ಕೆಲಸ ಬದಲಿಸಿ ಹೊಸ ಕಂಪನಿಯಲ್ಲಿ ಫಾರಂ ತುಂಬುತ್ತಿರುವವರು ಇಲ್ಲೇ ಒಂದು ನಿಮಿಷ ನಿಲ್ಲಿ. ಹಳೇ ಕಂಪನಿಯಲ್ಲಿ ಈ ವರ್ಷ 3,000 ಕಟ್ ಆಗಿದ್ದರೆ, 2026ರ ಲೆಕ್ಕದಲ್ಲಿ ಇನ್ನು ಉಳಿದಿರುವುದು 4,500 ಮಾತ್ರ. ಹೊಸ ಕಂಪನಿಯ ವೆಬ್‌ಸೈಟ್ 7,500 ಹಾಕಿದರೂ ತುಟಿ ಪಿಟಕ್ಕೆನ್ನದೆ ತೆಗೆದುಕೊಳ್ಳುತ್ತದೆ.

ಹಂತ 3: ಜಾಸ್ತಿ ಹೋದ ಹಣವನ್ನು ಕ್ಲೇಮ್ ಮಾಡಿ ಪೂರ್ತಿ ವಾಪಸ್ ತೆಗೆದುಕೊಳ್ಳಿ

ಇಲ್ಲಿ ಎಷ್ಟೋ ಜನ ತಿರುಗಾಮುರುಗಾ ಯೋಚಿಸುತ್ತಾರೆ. ನಾನೂ ಯೋಚಿಸಿದೆ. 'ಲಿಮಿಟ್ 5,000 ತಾನೇ, ಮಿಕ್ಕ 2,000 ಕ್ಲೇಮ್ ಮಾಡಿದರೆ ಇನ್ನೊಂದು ತಪ್ಪಾಗುತ್ತದೇನೋ' ಅಂತ ಕೈ ಹಿಂದೆಗೆದೆ. ಇದು ದುಬಾರಿ ಮರ್ಯಾದೆ.

ಲೆಕ್ಕ ನೋಡಿ. ಆ 2,000 ಕ್ಲೇಮ್ ಮಾಡಿದರೆ ಹಣ ಕೈಗೆ ಬರುತ್ತದೆ, ಅದರ ಮೇಲೆ ಆದಾಯ ತೆರಿಗೆ ಕಟ್ಟುತ್ತೀರಿ. ನಮ್ಮ 24 ಪರ್ಸೆಂಟ್ ಲೆಕ್ಕದಲ್ಲಿ ಅದು 480. ಕೈಯಲ್ಲಿ 1,520 ಉಳಿಯಿತು. ಕ್ಲೇಮ್ ಮಾಡದಿದ್ದರೆ? ಖಾತೆಯಲ್ಲಿ ಉಳಿದ ಹಣ ಕಂಪನಿಗೆ ಸೇರುತ್ತದೆ. ತೆರಿಗೆ ಇಲ್ಲ, ನಿಜ. ಆದರೆ 2,000 ಪೂರ್ತಿ ಹೋಯಿತು. 480 ಉಳಿಸಲು 2,000 ಬಿಟ್ಟ ಹಾಗೆ. ಹೆಲ್ತ್ ಎಫ್‌ಎಸ್‌ಎಯಲ್ಲಿ ಒಂದಿಷ್ಟು ಹಣ ಮುಂದಿನ ವರ್ಷಕ್ಕೆ ಒಯ್ಯಲು ಕೆಲವು ಕಂಪನಿಗಳು ಬಿಡುತ್ತವೆ. ಡೇಕೇರ್ ಖಾತೆಯಲ್ಲಿ ಆ ಸೌಲಭ್ಯ ಇಲ್ಲ. ಕೆಲವು ಪ್ಲಾನ್‌ಗಳಲ್ಲಿ ಮಾರ್ಚ್ 15ರವರೆಗಿನ ಖರ್ಚಿಗೆ ಹಳೇ ವರ್ಷದ ಹಣ ಬಳಸಲು ಗ್ರೇಸ್ ಪೀರಿಯಡ್ ಇರುತ್ತದೆ, ಅಷ್ಟೇ. ಹಾಗೆ ಒಯ್ದ ಹಣ ಹೊಸ ವರ್ಷದ ಲಿಮಿಟ್‌ನಲ್ಲಿ ಲೆಕ್ಕಕ್ಕೆ ಬರುತ್ತದೆ ಅನ್ನುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಈ ವರ್ಷದ ಗಂಟು ಮುಂದಿನ ವರ್ಷಕ್ಕೆ ಜಾರುತ್ತದೆ.

ಕ್ಲೇಮ್ ಮಾಡುವಾಗ ಮೂರು ವಿಷಯ. ಒಂದೇ ಬಿಲ್ಲನ್ನು ಎರಡೂ ಖಾತೆಗೆ ಹಾಕಬೇಡಿ. ನಮ್ಮ ಡೇಕೇರ್ ತಿಂಗಳಿಗೆ 1,900, ವರ್ಷಕ್ಕೆ 22,800. ಬಿಲ್ಲಿಗೆ ಬರಗಾಲವೇನೂ ಇರಲಿಲ್ಲ. ಜನವರಿ, ಫೆಬ್ರವರಿ, ಮಾರ್ಚ್ ಬಿಲ್ ನನ್ನ ಖಾತೆಗೆ ಹೋಗಿದ್ದವು. ಸೆಪ್ಟೆಂಬರ್ ಮತ್ತು ಅಕ್ಟೋಬರ್ ಬಿಲ್ ಅವಳ ಖಾತೆಗೆ ಹಾಕಿದೆವು. ಅವಳದು ಶುರುವಾಗಿದ್ದೇ ಆಗಸ್ಟ್‌ನಲ್ಲಿ. ಅದಕ್ಕೆ ಮುಂಚಿನ ಬಿಲ್ ಅಲ್ಲಿ ನಡೆಯುವುದಿಲ್ಲ. ಇದು ಎರಡನೆಯದು: ಆ ಖಾತೆ ಚಾಲ್ತಿಯಲ್ಲಿದ್ದ ದಿನಗಳ ಖರ್ಚೇ ಆಗಿರಬೇಕು. ಮೂರನೆಯದು ಕೊನೆ ದಿನ. ವರ್ಷ ಮುಗಿದ ಮೇಲೂ ಬಿಲ್ ಕಳಿಸಲು ಕೆಲವು ವಾರ ಕೊಡುತ್ತಾರೆ. ಎಷ್ಟು ಅಂತ ಪ್ಲಾನ್‌ನಲ್ಲಿ ನೋಡಿ. ನಾವು ಕೊನೆಯ ದಿನಕ್ಕೆ ಎಂಟು ದಿನ ಮುಂಚೆ ಕಳಿಸಿದೆವು. ರಿಸೀಟ್‌ನಲ್ಲಿ ಮಗುವಿನ ಹೆಸರಿಲ್ಲ ಅಂತ ಒಮ್ಮೆ ತಿರುಗಿ ಬಂತು. ಡೇಕೇರ್‌ನ ಮೇಡಂ ಅದೇ ಚೀಟಿಯ ಮೇಲೆ ಪೆನ್ನಲ್ಲಿ ಹೆಸರು ಬರೆದು ಸಹಿ ಹಾಕಿ ಕೊಟ್ಟರು. ಅದು ಪಾಸಾಯಿತು!

ಕೆಲಸ ಬಿಟ್ಟವರು ಇನ್ನೂ ಬೇಗ ಓಡಬೇಕು. ಕೆಲವು ಪ್ಲಾನ್‌ಗಳು ಕೆಲಸ ಬಿಟ್ಟ ದಿನದವರೆಗಿನ ಖರ್ಚನ್ನು ಮಾತ್ರ ಒಪ್ಪುತ್ತವೆ. ಕೆಲವು ವರ್ಷಾಂತ್ಯದವರೆಗಿನ ಖರ್ಚಿಗೂ ಉಳಿದ ಹಣ ಕೊಡುತ್ತವೆ. ಕೆಲಸ ಬಿಡುವ ವಾರವೇ ಕೇಳಿಕೊಳ್ಳಿ. ಆಮೇಲೆ ನಿಮ್ಮ ಇಮೇಲ್‌ಗೆ ಉತ್ತರ ಕೊಡುವವರು ಸಿಗುವುದು ಕಷ್ಟ.

ಖರ್ಚೇ ಅಷ್ಟಿಲ್ಲದಿದ್ದರೆ ಮಾತು ಬೇರೆ. ಇಲ್ಲದ ಬಿಲ್ ಹುಟ್ಟಿಸಲು ಹೋಗಬೇಡಿ. ಊರಿಂದ ಬಂದ ಅಜ್ಜಿ ಮಗುವನ್ನು ನೋಡಿಕೊಂಡರೆ ಅದು ಪ್ರೀತಿ, ಖರ್ಚಲ್ಲ. ವಿಸಿಟರ್ ವೀಸಾದಲ್ಲಿ ಬಂದವರಿಗೆ ಸಂಬಳ ಕೊಟ್ಟ ಹಾಗೆ ಕಾಗದ ಮಾಡಿದರೆ ಅವರ ವೀಸಾಕ್ಕೂ ಕುತ್ತು.

ಹಂತ 4: ಫಾರ್ಮ್ 2441, ಲೈನ್ ಲೈನ್ ನೋಡೋಣ

ನಿವೃತ್ತಿಯ ಖಾತೆ 401(ಕೆ)ಗೆ ಜಾಸ್ತಿ ಹಾಕಿದರೆ ಏಪ್ರಿಲ್ 15ರೊಳಗೆ ವಾಪಸ್ ತೆಗೆಸಿಕೊಳ್ಳುವ ಕ್ರಮ ಇದೆ. ಆರೋಗ್ಯ ಖರ್ಚಿನ ಉಳಿತಾಯ ಖಾತೆ ಎಚ್‌ಎಸ್‌ಎಗೆ ಜಾಸ್ತಿ ಹಾಕಿ ಬಿಟ್ಟರೆ ವರ್ಷಕ್ಕೆ 6 ಪರ್ಸೆಂಟ್ ದಂಡದ ತೆರಿಗೆ ಇದೆ. ಡೇಕೇರ್ ಎಫ್‌ಎಸ್‌ಎಗೆ ಇವೆರಡೂ ಇಲ್ಲ. 'ಜಾಸ್ತಿ ಹೋದದ್ದನ್ನು ವಾಪಸ್ ಕೊಡಿ' ಅನ್ನುವ ಫಾರಂ ಹುಡುಕಬೇಡಿ, ಅಂಥದ್ದಿಲ್ಲ. ಇಡೀ ರಿಪೇರಿ ನಡೆಯುವುದು ರಿಟರ್ನ್ ಜೊತೆ ಹೋಗುವ ಡೇಕೇರ್ ಖರ್ಚಿನ ಫಾರಂ, ಅಂದರೆ ಫಾರ್ಮ್ 2441ರ ಮೂರನೇ ಭಾಗದಲ್ಲಿ. ಕೆಳಗಿನ ಲೈನ್ ನಂಬರ್‌ಗಳು ನಾನು ತುಂಬಿದ 2024ರ ಫಾರ್ಮ್‌ನವು.

ಲೈನ್ 12ರಲ್ಲಿ ಎಲ್ಲ ಬಾಕ್ಸ್ 10 ಕೂಡಿಸಿ ಬರೆಯಬೇಕು: 7,000. ಲೈನ್ 13 ಹಿಂದಿನ ವರ್ಷದಿಂದ ಗ್ರೇಸ್ ಪೀರಿಯಡ್‌ನಲ್ಲಿ ತಂದು ಬಳಸಿದ್ದು: ನಮಗೆ ಸೊನ್ನೆ. ಲೈನ್ 14 ಕಳೆದುಕೊಂಡಿದ್ದು ಅಥವಾ ಮುಂದಕ್ಕೆ ಒಯ್ದದ್ದು: ಅದೂ ಸೊನ್ನೆ. ಏನಾದರೂ ಹಣ ಮುಳುಗಿದ್ದರೆ ಇಲ್ಲಿ ಬರೆಯುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಕೈಗೆ ಬಾರದ ಹಣಕ್ಕೂ ತೆರಿಗೆ ಕಟ್ಟುತ್ತೀರಿ. ಗಾಯದ ಮೇಲೆ ಬರೆ. ಲೈನ್ 15ಕ್ಕೆ 7,000. ಲೈನ್ 16 ವರ್ಷದ ಅರ್ಹ ಖರ್ಚು: 22,800. ಲೈನ್ 17 ಈ ಎರಡರಲ್ಲಿ ಚಿಕ್ಕದು: 7,000.

ಲೈನ್ 18 ಮತ್ತು 19 ನಿಮ್ಮ ಮತ್ತು ಸಂಗಾತಿಯ ದುಡಿಮೆ. ನಮ್ಮಿಬ್ಬರದೂ 7,000ಕ್ಕಿಂತ ಜಾಸ್ತಿ, ಹಾಗಾಗಿ ಲೈನ್ 20ಕ್ಕೂ 7,000ವೇ ಬಂತು. ಲೈನ್ 21 ಲಿಮಿಟ್: 5,000. ಲೈನ್ 25 ತೆರಿಗೆಯಿಂದ ಬಿಟ್ಟ ಮೊತ್ತ: 5,000. ಲೈನ್ 26 ತೆರಿಗೆ ಬೀಳುವ ಮೊತ್ತ: 2,000. ಅದು ಅಲ್ಲಿಂದ ಮುಖ್ಯ ರಿಟರ್ನ್ ಆದ ಫಾರ್ಮ್ 1040ರ ಲೈನ್ 1ಇಗೆ ಹೋಗಿ ಆದಾಯಕ್ಕೆ ಸೇರುತ್ತದೆ. ಆ ರಾತ್ರಿ ರೀಫಂಡ್ ಇಳಿದದ್ದು ಇದರಿಂದಲೇ. ಸಾಫ್ಟ್‌ವೇರ್ ತಾನೇ ತಾನಾಗಿ ಸರಿ ಮಾಡಿತ್ತು, ನಾನು ಅದನ್ನು ತಪ್ಪು ಅಂದುಕೊಂಡು ನಾಲ್ಕು ಸಲ ಅಳಿಸಿ ಬರೆದೆ.

ಇನ್ನೊಂದು ವಿಷಯ. ಫಾರ್ಮ್ 2441 ಸೇರಿಸುವುದು ಆದಾಯ ತೆರಿಗೆಯನ್ನು ಮಾತ್ರ. ಸೋಷಿಯಲ್ ಸೆಕ್ಯೂರಿಟಿ, ಮೆಡಿಕೇರ್ ಅಂತ ಕಟ್ ಆಗಬೇಕಿದ್ದ 7.65 ಪರ್ಸೆಂಟ್ ಅಲ್ಲಿ ಬರುವುದಿಲ್ಲ. 2,000ಕ್ಕೆ ಅದು 153 ಡಾಲರ್. ಹಾಗಂತ ಬೇಕೆಂದೇ ಜಾಸ್ತಿ ಹಾಕುವ ಉಪಾಯ ಮಾಡಬೇಡಿ. ಬಿಲ್ ತಿರುಗಿ ಬಂದರೆ 2,000ವೇ ಹೋಗುತ್ತದೆ.

ಎರಡು ಮಕ್ಕಳಿರುವವರು ಲೈನ್ 26ಕ್ಕೆ ಪೆನ್ ಕೆಳಗಿಡಬೇಡಿ. ಲೈನ್ 27ರಿಂದ ಮುಂದೆ ಡೇಕೇರ್ ಕ್ರೆಡಿಟ್ (ಡೇಕೇರ್ ಖರ್ಚಿಗಾಗಿ ತೆರಿಗೆಯಲ್ಲೇ ಕಳೆಯುವ ಮೊತ್ತ) ಲೆಕ್ಕ ಇದೆ. ಒಂದು ಮಗುವಿಗೆ 3,000, ಎರಡು ಅಥವಾ ಹೆಚ್ಚು ಮಕ್ಕಳಿಗೆ 6,000ದವರೆಗಿನ ಖರ್ಚು ಕ್ರೆಡಿಟ್‌ಗೆ ಬರುತ್ತದೆ. ಅದರಿಂದ ತೆರಿಗೆ ಬಿಟ್ಟ ಮೊತ್ತ ಕಳೆಯುತ್ತಾರೆ. ಒಂದೇ ಮಗು ಇದ್ದರೆ 3,000ದಿಂದ 5,000 ಕಳೆದು ಕತೆ ಮುಗಿಯಿತು. ಎರಡಿದ್ದರೆ 6,000ದಿಂದ 5,000 ಹೋಗಿ 1,000 ಉಳಿಯಿತು. ನಮ್ಮ ಮಟ್ಟದ ಸಂಬಳಕ್ಕೆ ಅದರ 20 ಪರ್ಸೆಂಟ್, 200 ಡಾಲರ್ ಕ್ರೆಡಿಟ್. ಗಮನಿಸಿ, ಇಲ್ಲಿ ಕಳೆಯುವುದು 7,000 ಅಲ್ಲ, 5,000 ಮಾತ್ರ. ತೆರಿಗೆ ಕಟ್ಟಿದ 2,000 ಈಗ ನಿಮ್ಮ ಸ್ವಂತ ಕೈಯಿಂದ ಹಾಕಿದ ಹಣದ ಹಾಗೆ. ಆದರೆ 2026ರಿಂದ 7,500 ಪೂರ್ತಿ ಬಳಸಿದವರಿಗೆ ಎರಡು ಮಕ್ಕಳಿದ್ದರೂ ಇಲ್ಲಿ ಏನೂ ಉಳಿಯುವುದಿಲ್ಲ.

ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಉಲ್ಟಾ ತಪ್ಪೂ ಆಗುತ್ತದೆ. ಡಬ್ಲ್ಯೂ-2 ತುಂಬಿ, ಡೇಕೇರ್ ಖರ್ಚಿನ ಪುಟವನ್ನು 'ನಮಗೆ ಕ್ರೆಡಿಟ್ ಸಿಗಲ್ಲ ಬಿಡು' ಅಂತ ದಾಟಿಸಿಬಿಟ್ಟರೆ ಅರ್ಹ ಖರ್ಚು ಸೊನ್ನೆ ಆಗುತ್ತದೆ. ಆಗ ಬಾಕ್ಸ್ 10ರ ಪೂರ್ತಿ ಹಣದ ಮೇಲೆ ತೆರಿಗೆ ಬೀಳುತ್ತದೆ. ಕ್ರೆಡಿಟ್ ಸಿಗಲಿ ಬಿಡಲಿ, ಖರ್ಚಿನ ಪುಟ ತುಂಬಲೇಬೇಕು. ಡೇಕೇರ್‌ನ ತೆರಿಗೆ ನಂಬರೂ ಬೇಕು. ಸಾಮಾನ್ಯವಾಗಿ ವರ್ಷಾಂತ್ಯದ ಸ್ಟೇಟ್‌ಮೆಂಟ್‌ನಲ್ಲೇ ಇರುತ್ತದೆ, ಇಲ್ಲದಿದ್ದರೆ ಫಾರ್ಮ್ ಡಬ್ಲ್ಯೂ-10 ಕೊಟ್ಟು ಕೇಳಿ.

ಒಂದೇ ಕಂಪನಿ ಜಾಸ್ತಿ ಕಟ್ ಮಾಡಿದ್ದರೆ

ಇದು ಅಪರೂಪ. ವರ್ಷದೊಳಗೇ ಸಿಕ್ಕಿದರೆ ಪೇರೋಲ್‌ನವರಿಗೆ ಹೇಳಿ, ಜಾಸ್ತಿ ಹೋದದ್ದನ್ನು ಸಂಬಳಕ್ಕೆ ಸೇರಿಸಿಸಿ. ವರ್ಷ ಮುಗಿದಿದ್ದರೆ ಅವರು ಜಾಸ್ತಿ ಮೊತ್ತವನ್ನು ಡಬ್ಲ್ಯೂ-2ರ ಬಾಕ್ಸ್ 1, 3 ಮತ್ತು 5ಕ್ಕೆ ಸೇರಿಸಬೇಕು. ಹಾಗೆ ಮಾಡದೆ ಡಬ್ಲ್ಯೂ-2 ಕೊಟ್ಟಿದ್ದರೆ ತಿದ್ದಿದ ಡಬ್ಲ್ಯೂ-2ಸಿ ಕೇಳಿ.

ಇಲ್ಲಿ ಒಂದು ಗುಂಡಿ ಇದೆ. ಬಾಕ್ಸ್ 10 ಪೂರ್ತಿ ಮೊತ್ತ ತೋರಿಸುತ್ತದೆ, ಜಾಸ್ತಿಯಾದದ್ದೂ ಸೇರಿ. ಲಿಮಿಟ್ 5,000 ಇದ್ದ ವರ್ಷದ ಡಬ್ಲ್ಯೂ-2ರಲ್ಲಿ 5,600 ಎಂದಿದ್ದು, ಅದರ 600 ಆಗಲೇ ಬಾಕ್ಸ್ 1ರಲ್ಲಿ ಸಂಬಳವಾಗಿ ಬಂದಿದ್ದರೆ, ಆ 600ಕ್ಕೆ ತೆರಿಗೆ ಲೆಕ್ಕ ಆಗಿಹೋಗಿದೆ. ಲೈನ್ 12ರಲ್ಲಿ ಬಾಕ್ಸ್ 1ಕ್ಕೆ ಸೇರಿಸಿದ್ದನ್ನು ಬಿಟ್ಟು ಬರೆಯಬೇಕು ಎಂದು ಫಾರ್ಮ್‌ನಲ್ಲೇ ಇದೆ, ಅಂದರೆ 5,000. ಬಾಕ್ಸ್ 10 ಹಾಗೇ ಹೊಡೆದರೆ 600ಕ್ಕೆ ಎರಡೆರಡು ಸಲ ತೆರಿಗೆ ಬೀಳಬಹುದು. ಫಾರ್ಮ್ 2441 ತೆರೆದು ಲೈನ್ 12 ಮತ್ತು 26 ಕಣ್ಣಾರೆ ನೋಡಿ.

ಎಚ್-4 ಮನೆಗಳಿಗೆ: ಲಿಮಿಟ್ ಒಳಗೇ ಇದ್ದರೂ ಜಾಸ್ತಿ

ಲೈನ್ 18 ಮತ್ತು 19ಕ್ಕೆ ವಾಪಸ್ ಬನ್ನಿ. ತೆರಿಗೆ ಬಿಡುವ ಮೊತ್ತ ಗಂಡ ಹೆಂಡತಿಯಲ್ಲಿ ಕಡಿಮೆ ದುಡಿದವರ ಆದಾಯವನ್ನು ಮೀರುವಂತಿಲ್ಲ. ಒಬ್ಬರು ಎಚ್-1ಬಿ ವೀಸಾದಲ್ಲಿ ಕೆಲಸ ಮಾಡುತ್ತಾ, ಇನ್ನೊಬ್ಬರು ಅವರ ಸಂಗಾತಿಯಾಗಿ ಎಚ್-4 ವೀಸಾದಲ್ಲಿ ಇಎಡಿ (ಕೆಲಸ ಮಾಡುವ ಪರವಾನಗಿ) ಇಲ್ಲದೆ ಮನೆಯಲ್ಲಿದ್ದರೆ, ಅವರ ದುಡಿಮೆ ಸೊನ್ನೆ. ಬಿಡುವ ಮೊತ್ತವೂ ಸೊನ್ನೆ. ಕಟ್ ಆದದ್ದೆಲ್ಲ ಜಾಸ್ತಿಯೇ.

ಇಲ್ಲಿ ಹಂತ 3ರ ಸಲಹೆ ಹಾಗೇ ಅನ್ವಯಿಸುವುದಿಲ್ಲ. ನಮ್ಮ ಬಿಲ್‌ಗಳು ಅರ್ಹ ಬಿಲ್‌ಗಳು, ಲಿಮಿಟ್ ಮಾತ್ರ ಮೀರಿತ್ತು. ಇಲ್ಲಿ ಖರ್ಚೇ ಅರ್ಹ ಅಲ್ಲ, ಯಾಕೆಂದರೆ ಇಬ್ಬರೂ ಕೆಲಸಕ್ಕೆ ಹೋಗಲು ಮಾಡಿದ ಖರ್ಚಲ್ಲ. ಕ್ಲೇಮ್ ಫಾರಂನಲ್ಲಿ 'ಇದು ಅರ್ಹ ಖರ್ಚು' ಎಂದು ಸಹಿ ಹಾಕಬೇಕು. ಸುಮ್ನೆ ಸಹಿ ಹಾಕಬೇಡಿ. ಗೊತ್ತಾದ ದಿನವೇ ಎಚ್‌ಆರ್‌ಗೆ ಬರೆದು, ಅರ್ಹತೆ ಇಲ್ಲದೆ ತಪ್ಪಿನಿಂದ ಸೇರಿದ್ದು ಎಂದು ವಿವರಿಸಿ, ರದ್ದು ಮಾಡಲು ಕೇಳಿ. ಸ್ಪಷ್ಟ ತಪ್ಪು ಅಂತ ಕಂಡರೆ ಕೆಲವು ಕಂಪನಿಗಳು ಸಂಬಳಕ್ಕೆ ವಾಪಸ್ ಸೇರಿಸುತ್ತವೆ. ಬೇಗ ಹೇಳಿದಷ್ಟೂ ಒಪ್ಪುವುದು ಸುಲಭ.

ಒಂದು ವಿನಾಯಿತಿ ಇದೆ. ಸಂಗಾತಿ ಫುಲ್‌ಟೈಮ್ ವಿದ್ಯಾರ್ಥಿಯಾಗಿದ್ದರೆ ದುಡಿಮೆ ಇಲ್ಲದಿದ್ದರೂ ಇದೆ ಅಂತ ಲೆಕ್ಕ ಹಿಡಿಯುತ್ತಾರೆ: ಒಂದು ಮಗುವಿದ್ದರೆ ತಿಂಗಳಿಗೆ 250, ಎರಡು ಅಥವಾ ಹೆಚ್ಚಿದ್ದರೆ 500 ಡಾಲರ್. ಎಚ್-4ನಲ್ಲಿ ಓದಬಹುದು. ಎಂಟು ತಿಂಗಳು ಓದಿದರೆ ಒಂದು ಮಗುವಿನ ಮನೆಗೆ 2,000. ಅಂದರೆ ಅಷ್ಟರ ಮೇಲೆ ಹಾಕಬೇಡಿ. ಪೂರ್ತಿ ಆನ್‌ಲೈನ್ ಶಾಲೆ ಇದಕ್ಕೆ ಲೆಕ್ಕಕ್ಕಿಲ್ಲ.

ಇಎಡಿ ಇದ್ದು, ರಿನ್ಯೂವಲ್ ತಡವಾಗಿ ನಡುವೆ ಕೆಲಸ ನಿಂತವರದ್ದು ಇನ್ನೊಂದು ಕತೆ. ದುಡಿಮೆಯ ಲೆಕ್ಕ ಇಡೀ ವರ್ಷದ್ದು. ನಿಲ್ಲುವ ಮುಂಚೆ 30,000 ದುಡಿದಿದ್ದರೆ ಲೈನ್ 19ಕ್ಕೆ ತೊಂದರೆ ಇಲ್ಲ. ಆದರೆ ಮನೆಯಲ್ಲಿದ್ದ ತಿಂಗಳುಗಳ ಡೇಕೇರ್ ಬಿಲ್ ಕೆಲಸಕ್ಕಾಗಿ ಆದ ಖರ್ಚಲ್ಲ. ಕೆಲಸ ಮಾಡುತ್ತಿದ್ದ ತಿಂಗಳ ಬಿಲ್ ಮೊದಲು ಕ್ಲೇಮ್ ಮಾಡಿ. ಜೊತೆಗೆ, ಕೆಲಸ ನಿಂತದ್ದೂ ಹಂತ 2ರಲ್ಲಿ ಹೇಳಿದ ಬದಲಾವಣೆಯೇ. ಕಟ್ ಆಗುವುದನ್ನು ನಿಲ್ಲಿಸಲು ಅದೇ ದಾರಿ.

ಸಂಬಳ ಜಾಸ್ತಿ ಇದ್ದವರಿಗೆ ಅಕ್ಟೋಬರ್‌ನಲ್ಲಿ ಬರುವ ಇಮೇಲ್

'ನಿಮ್ಮ ಡಿಪೆಂಡೆಂಟ್ ಕೇರ್ ಮೊತ್ತವನ್ನು 5,000ದಿಂದ 3,200ಕ್ಕೆ ಇಳಿಸಲಾಗಿದೆ.' ನೀವೇನೂ ತಪ್ಪು ಮಾಡಿಲ್ಲ. ಜಾಸ್ತಿ ಸಂಬಳದವರಿಗೆ ಸಿಗುವ ಸರಾಸರಿ ಲಾಭಕ್ಕೆ ಹೋಲಿಸಿದರೆ ಉಳಿದ ನೌಕರರ ಸರಾಸರಿ ಕನಿಷ್ಠ 55 ಪರ್ಸೆಂಟ್ ಇರಬೇಕು ಅನ್ನುವ ಪರೀಕ್ಷೆ ಇದೆ. ಪ್ಲಾನ್ ಫೇಲಾದರೆ ಜಾಸ್ತಿ ಸಂಬಳದವರ ತೆರಿಗೆ ವಿನಾಯಿತಿ ಹೋಗುತ್ತದೆ. ಅದಕ್ಕೇ ಕಂಪನಿಗಳು ಮುಂಚೆಯೇ ಕತ್ತರಿ ಹಾಕುತ್ತವೆ. 2026ಕ್ಕೆ, 2025ರ ಸಂಬಳ 1,60,000 ಡಾಲರ್ ದಾಟಿದವರು ಈ ಗುಂಪಿಗೆ ಬರುತ್ತಾರೆ. ಇಂಥ ಕತ್ತರಿ ಪ್ರತಿ ವರ್ಷ ಬೀಳುವ ಕಂಪನಿಯಲ್ಲಿದ್ದರೆ ಮುಂದಿನ ವರ್ಷ ಈ ಖಾತೆಯನ್ನು ಕಡಿಮೆ ಸಂಬಳದ ಸಂಗಾತಿಯ ಹೆಸರಲ್ಲಿ ಹಾಕುವುದು ಜಾಣತನ.

ರಾಜ್ಯದ ರಿಟರ್ನ್

ನ್ಯೂಜೆರ್ಸಿಯವರು ಬಾಕ್ಸ್ 16 ನೋಡಿ. ಅಲ್ಲಿ ರಾಜ್ಯದ ಸಂಬಳ ಬಾಕ್ಸ್ 1ಕ್ಕಿಂತ ಜಾಸ್ತಿ ಇದ್ದರೆ ತಪ್ಪಲ್ಲ. ಆ ರಾಜ್ಯ ಈ ಖಾತೆಗೆ ತೆರಿಗೆ ವಿನಾಯಿತಿ ಕೊಡುವುದಿಲ್ಲ, ಹಾಗಾಗಿ ಹಣ ಆಗಲೇ ಸಂಬಳದಲ್ಲಿ ಸೇರಿದೆ. ಜಾಸ್ತಿ ಮೊತ್ತವನ್ನು ಅಲ್ಲಿ ಮತ್ತೆ ಸೇರಿಸಬೇಡಿ.

ರಿಟರ್ನ್ ಕಳಿಸಿ ಆಗಿದ್ದರೆ

ಹಳೇ ರಿಟರ್ನ್‌ನ ಪಿಡಿಎಫ್ ತೆರೆದು 1040ರ ಲೈನ್ 1ಇ ನೋಡಿ. ಅಲ್ಲಿ ಜಾಸ್ತಿ ಮೊತ್ತ ಬಂದಿದ್ದರೆ ಸಾಫ್ಟ್‌ವೇರೋ ನಿಮ್ಮ ಸಿಪಿಎಯೋ (ತೆರಿಗೆ ಲೆಕ್ಕ ಮಾಡಿಕೊಡುವವರು) ಆಗಲೇ ಸರಿ ಮಾಡಿದ್ದಾರೆ, ಮಲಗಿ. ಖಾಲಿ ಇದ್ದು, ಎರಡು ಡಬ್ಲ್ಯೂ-2ರಲ್ಲಿ ಬಾಕ್ಸ್ 10 ಸೇರಿ ಲಿಮಿಟ್ ದಾಟಿದ್ದರೆ, ರಿಟರ್ನ್ ತಿದ್ದುವ ಫಾರ್ಮ್ 1040-ಎಕ್ಸ್ ಜೊತೆ ತಿದ್ದಿದ 2441 ಕಳಿಸಿ, ಬಾಕಿ ತೆರಿಗೆ ಕಟ್ಟಿ. ತೆರಿಗೆ ಇಲಾಖೆ ಐಆರ್‌ಎಸ್‌ನ ಪತ್ರ ಬರುವವರೆಗೆ ಕಾಯುವುದು ಬೇಡ, ದಿನ ಹೋದಷ್ಟೂ ಬಡ್ಡಿ ಏರುತ್ತದೆ. ಉಲ್ಟಾ ತಪ್ಪು, ಅಂದರೆ ಖರ್ಚಿನ ಪುಟ ದಾಟಿಸಿ ಪೂರ್ತಿ 5,000ಕ್ಕೆ ತೆರಿಗೆ ಕಟ್ಟಿದ್ದರೆ, ಅದಕ್ಕೂ ಇದೇ ಫಾರ್ಮ್. ರೀಫಂಡ್ ಕೇಳಲು ಸಾಮಾನ್ಯವಾಗಿ ಮೂರು ವರ್ಷ ಸಮಯ ಇದೆ. ಅಷ್ಟು ದಿನ ಡೇಕೇರ್‌ನ ರಿಸೀಟುಗಳನ್ನು ಎಸೆಯಬೇಡಿ, ಪೆನ್ನಲ್ಲಿ ಹೆಸರು ಬರೆಸಿಕೊಂಡವನ್ನೂ ಸೇರಿಸಿ.